ಹ್ಯಾಂಡ್‌ಹೆಲ್ಡ್ ಚಾರ್ಜ್ ಎರಡು ಗಂಟೆಯೂ ನಿಲ್ಲುತ್ತಿಲ್ಲ, ಬ್ಯಾಟರಿ ಕೆಟ್ಟಿದೆಯಾ?

ಪ್ರಶ್ನೆ: ನನ್ನ ಹತ್ತಿರ ಎಲ್‌ಸಿಡಿ ಸ್ಕ್ರೀನಿನ ಸ್ಟೀಮ್ ಡೆಕ್ ಇದೆ, ಕೈಯಲ್ಲಿ ಹಿಡಿದು ಪಿಸಿ ಗೇಮ್ ಆಡುವ ಹ್ಯಾಂಡ್‌ಹೆಲ್ಡ್. ತಗೊಂಡು ಒಂದು ವರ್ಷವೂ ಆಗಿಲ್ಲ. 2ರಿಂದ 8 ಗಂಟೆ ಬ್ಯಾಟರಿ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ದೊಡ್ಡ ತ್ರೀಡಿ ಗೇಮ್ ಆಡಿದರೆ ನನಗೆ ಸಿಗುವುದು ಒಂದೂ ಮುಕ್ಕಾಲು ಗಂಟೆ. ಬ್ರೈಟ್‌ನೆಸ್ ಇಳಿಸಿದೆ. ವೈಫೈ, ಬ್ಲೂಟೂತ್ ಆಫ್ ಮಾಡಿದೆ. ಗ್ರಾಫಿಕ್ಸನ್ನೂ ‘ಲೋ’ಗೆ ತಂದೆ. ಐದು ಹತ್ತು ನಿಮಿಷ ಹೆಚ್ಚಾಗಿರಬಹುದು, ಅಷ್ಟೇ. ಬ್ಯಾಟರಿಯೇ ಕೆಟ್ಟಿದೆಯಾ? ಚಾರ್ಜರ್ ಹಾಕಿಕೊಂಡೇ ಆಡಿದರೆ ಬ್ಯಾಟರಿ ಹಾಳಾಗುತ್ತದೆ ಅಂತಾರೆ, ನಿಜವಾ? ಕೆಲವು ಸಲ 15 ಪರ್ಸೆಂಟ್ ಇದ್ದದ್ದು ಇದ್ದಕ್ಕಿದ್ದಂತೆ 4ಕ್ಕೆ ಇಳಿಯುತ್ತದೆ. ಪವರ್ ಬ್ಯಾಂಕ್ ತಗೊಳ್ಳುವುದಾದರೆ ಎಂಥದ್ದು ತಗೊಳ್ಳಲಿ?

ಉತ್ತರ: ನೀವು ಕೊಟ್ಟ ಲೆಕ್ಕ ನೋಡಿದರೆ ನಿಮ್ಮ ಬ್ಯಾಟರಿ ಕೆಟ್ಟಂತೆ ಕಾಣುವುದಿಲ್ಲ. ಎಲ್‌ಸಿಡಿ ಡೆಕ್‌ನ ಬ್ಯಾಟರಿ 40 ವ್ಯಾಟ್-ಅವರ್. ಯಂತ್ರ 40 ವ್ಯಾಟ್ ಎಳೆದರೆ ಅದು ಒಂದು ಗಂಟೆ ಬರುತ್ತದೆ. 20 ವ್ಯಾಟ್ ಎಳೆದರೆ ಎರಡು ಗಂಟೆ, 10 ವ್ಯಾಟ್ ಎಳೆದರೆ ನಾಲ್ಕು ಗಂಟೆ. ನಿಮಗೆ ಒಂದೂ ಮುಕ್ಕಾಲು ಗಂಟೆ ಬಂದಿದೆ. 40ನ್ನು 1.75ರಿಂದ ಭಾಗಿಸಿ. ಹತ್ತಿರಹತ್ತಿರ 23 ವ್ಯಾಟ್. ದೊಡ್ಡ ತ್ರೀಡಿ ಗೇಮನ್ನು ಯಾವ ಕಡಿವಾಣವೂ ಇಲ್ಲದೆ ಓಡಲು ಬಿಟ್ಟರೆ ಈ ಯಂತ್ರ ಎಳೆಯುವುದು ಅಷ್ಟೇ. ಅಂದರೆ ಬ್ಯಾಟರಿ ತನ್ನಲ್ಲಿದ್ದದ್ದನ್ನು ಪೂರ್ತಿ ಕೊಟ್ಟಿದೆ.

ಕಂಪನಿ ಹೇಳುವ ‘2ರಿಂದ 8 ಗಂಟೆ’ಯನ್ನೂ ಹೀಗೇ ಓದಿ. ಎರಡು ಗಂಟೆ ಅಂದರೆ 20 ವ್ಯಾಟ್, ಎಂಟು ಗಂಟೆ ಅಂದರೆ 5 ವ್ಯಾಟ್. ಬ್ಯಾಟರಿ ಎರಡೂ ಕಡೆ ಅದೇ. ಬದಲಾಗಿದ್ದು ಗೇಮ್.

ಆದರೂ ಅನುಮಾನ ಉಳಿದರೆ ನೋಡಿಬಿಡಿ. ಡೆಕ್ ಅನ್ನು ಡೆಸ್ಕ್‌ಟಾಪ್ ಮೋಡ್‌ಗೆ ಹಾಕಿ, ಇನ್ಫೋ ಸೆಂಟರ್ ತೆರೆದು, ಎನರ್ಜಿ ಪುಟಕ್ಕೆ ಹೋಗಿ. ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯಬೇಕಿತ್ತು, ಈಗ ತುಂಬಿದಾಗ ಎಷ್ಟು ಹಿಡಿಯುತ್ತದೆ, ಎರಡೂ ಅಲ್ಲಿ ಕಾಣುತ್ತವೆ. ವರ್ಷದೊಳಗೆ ಸ್ವಲ್ಪ ಇಳಿದಿದ್ದರೆ ಅದು ಸಹಜ. 40 ಇರಬೇಕಾದಲ್ಲಿ 28, 30 ಕಾಣಿಸಿದರೆ ವಾರಂಟಿಯ ಮಾತಾಡಿ. ವಿಂಡೋಸ್ ಹ್ಯಾಂಡ್‌ಹೆಲ್ಡ್ ಇರುವವರಿಗೂ ಬ್ಯಾಟರಿ ರಿಪೋರ್ಟ್ ತೆಗೆಯುವ ದಾರಿ ಇದೆ, ಅದರಲ್ಲೂ ಇದೇ ಎರಡು ಸಂಖ್ಯೆ ಇರುತ್ತವೆ.

ಇಲ್ಲೇ ಒಂದು ಮಾತು. ಬ್ಯಾಟರಿ ಹೋಲಿಸುವಾಗ ಮಿಲಿಆಂಪ್-ಅವರ್ ನೋಡಬೇಡಿ, ವ್ಯಾಟ್-ಅವರ್ ನೋಡಿ. ಇನ್ನೊಂದು ಹ್ಯಾಂಡ್‌ಹೆಲ್ಡ್ ಆದ ನಿಂಟೆಂಡೊ ಸ್ವಿಚ್ 2ರಲ್ಲಿ 5220 ಮಿಲಿಆಂಪ್-ಅವರ್ ಬ್ಯಾಟರಿ ಇದೆ. ನಿಮ್ಮ ಡೆಕ್‌ನಲ್ಲಿ ಇರುವುದೂ ಸುಮಾರು 5200. ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಆದರೆ ಡೆಕ್‌ನಲ್ಲಿ ಎರಡು ಸೆಲ್ ಒಂದರ ಹಿಂದೆ ಒಂದು ಜೋಡಿಸಿರುವುದರಿಂದ ವೋಲ್ಟೇಜ್ ಎರಡರಷ್ಟಿದೆ. ಹಾಗಾಗಿ ಅದರಲ್ಲಿ 40 ವ್ಯಾಟ್-ಅವರ್ ಇದ್ದರೆ, ಸ್ವಿಚ್ 2ರಲ್ಲಿ ಅದರ ಅರ್ಧದಷ್ಟು, ಸುಮಾರು 20 ಇದೆ. ಈ ಗೊಂದಲ ಪವರ್ ಬ್ಯಾಂಕಿನ ವಿಷಯದಲ್ಲೂ ಬರುತ್ತದೆ, ಮುಂದೆ ಹೇಳುತ್ತೇನೆ.

ಈಗ ಮುಖ್ಯ ವಿಷಯ. ನೀವು ಮಾಡಿದ ಕೆಲಸಗಳಲ್ಲಿ ಒಂದೂ ತಪ್ಪಿಲ್ಲ. ಆದರೆ ಚಿಕ್ಕದರಿಂದ ಶುರು ಮಾಡಿದ್ದೀರಿ. ಬ್ರೈಟ್‌ನೆಸ್ ಇಳಿಸಿ ಒಂದೂವರೆ ವ್ಯಾಟ್ ಉಳಿಸಿದಿರಿ ಅಂತಿಟ್ಟುಕೊಳ್ಳಿ. 23 ವ್ಯಾಟ್ ಎಳೆಯುವ ಗೇಮ್ 21.5ಕ್ಕೆ ಬಂತು. ಸಿಕ್ಕಿದ್ದು ಏಳು ನಿಮಿಷ. ಅದೇ ಒಂದೂವರೆ ವ್ಯಾಟನ್ನು 8 ವ್ಯಾಟ್ ಎಳೆಯುವ ಟೂಡಿ ಗೇಮಿನಲ್ಲಿ ಉಳಿಸಿದರೆ? ಐದು ಗಂಟೆ ಬರುತ್ತಿದ್ದದ್ದು ಆರು ಗಂಟೆ ದಾಟುತ್ತದೆ. ಉಳಿಸಿದ್ದು ಅಷ್ಟೇ, ಆದರೆ ಒಂದು ಕಡೆ ಏಳು ನಿಮಿಷ, ಇನ್ನೊಂದು ಕಡೆ ಒಂದು ಗಂಟೆಗಿಂತ ಜಾಸ್ತಿ. ಅದಕ್ಕೇ ಮೊದಲು ದೊಡ್ಡ ಖರ್ಚಿಗೆ ಕೈ ಹಾಕಬೇಕು. ಒಟ್ಟು ವ್ಯಾಟ್ ಕೆಳಗೆ ಬಂದ ಮೇಲೆ ಚಿಕ್ಕ ಚಿಕ್ಕ ಉಳಿತಾಯಕ್ಕೂ ಬೆಲೆ ಬರುತ್ತದೆ. ‘ಬ್ಯಾಟರಿ ಉಳಿಸಲು ಹತ್ತು ಉಪಾಯ’ ಎಂಬ ಪಟ್ಟಿಗಳಲ್ಲಿ ಬ್ಲೂಟೂತ್ ಆಫ್ ಮಾಡುವುದು ಮೊದಲ ಸಾಲಿನಲ್ಲೇ ಇರುತ್ತದೆ. ನನಗಂತೂ ಅದನ್ನು ಕಂಡರೆ ಸಿಟ್ಟು ಬರುತ್ತದೆ.

ದೊಡ್ಡ ಖರ್ಚು ಯಾವುದು? ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಸೇರಿದ ಆ ಒಂದು ಚಿಪ್. ಡೆಕ್‌ನಲ್ಲಿ ಅದಕ್ಕೆ 15 ವ್ಯಾಟ್‌ವರೆಗೆ ಬಿಟ್ಟಿದ್ದಾರೆ. ಉಳಿದ ಏಳೆಂಟು ವ್ಯಾಟ್ ಸ್ಕ್ರೀನ್, ಮೆಮೊರಿ, ಎಸ್‌ಎಸ್‌ಡಿ, ಫ್ಯಾನ್, ವೈಫೈ, ಸ್ಪೀಕರ್, ವೋಲ್ಟೇಜ್ ಬದಲಿಸುವ ಸರ್ಕ್ಯೂಟ್‌ಗಳ ನಡುವೆ ಹಂಚಿಹೋಗುತ್ತದೆ. ಈ ಎರಡನೇ ಭಾಗವನ್ನು ತೀರಾ ಕಡಿಮೆ ಮಾಡಲು ಆಗುವುದಿಲ್ಲ. ಚಿಪ್‌ನದ್ದನ್ನು ಅರ್ಧಕ್ಕೆ ಇಳಿಸಬಹುದು.

ನಿಮಗೆ ಬೇಸರ ಆಗಿರುವುದು ಗ್ರಾಫಿಕ್ಸ್ ‘ಲೋ’ಗೆ ತಂದರೂ ಏನೂ ಆಗಲಿಲ್ಲ ಎಂದು. ಅದರ ಕಾರಣ ಸರಳ. ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಚಿತ್ರ, ಎಂಬುದಕ್ಕೆ ಮಿತಿ ಹಾಕದೆ ಗ್ರಾಫಿಕ್ಸ್ ಇಳಿಸಿದರೆ ಚಿಪ್ ವಿಶ್ರಾಂತಿ ತೆಗೆದುಕೊಳ್ಳುವುದಿಲ್ಲ. ಪ್ರತಿ ಫ್ರೇಮ್ ಬೇಗ ಮುಗಿಯಿತಲ್ಲ, ಇನ್ನೊಂದು ಮಾಡುತ್ತೇನೆ ಎಂದು ಮುಂದಕ್ಕೆ ಓಡುತ್ತದೆ. ಮೊದಲು ಸೆಕೆಂಡಿಗೆ 38 ಫ್ರೇಮ್ ಬರುತ್ತಿದ್ದ ಗೇಮ್ ಈಗ 55 ಕೊಡುತ್ತದೆ. ಆಟ ನುಣುಪಾಯಿತು, ನಿಜ. ವ್ಯಾಟ್ ಮಾತ್ರ ಇದ್ದಲ್ಲೇ ಇದೆ. ರೆಸಲ್ಯೂಷನ್ ಇಳಿಸಿ ಎಫ್‌ಎಸ್‌ಆರ್ (ಚಿಕ್ಕ ಚಿತ್ರವನ್ನು ಸ್ಕ್ರೀನಿನಷ್ಟು ಹಿಗ್ಗಿಸುವ ತಂತ್ರ) ಹಾಕುವವರಿಗೂ ಇದೇ ಕಥೆ. 1280×800ರ ಬದಲು 960×600ರಲ್ಲಿ ಆಡಿ, ಚಿತ್ರವನ್ನು ಎಫ್‌ಎಸ್‌ಆರ್‌ನಿಂದ ಹಿಗ್ಗಿಸಿಕೊಂಡರೆ ಗ್ರಾಫಿಕ್ಸ್ ಮೇಲಿನ ಹೊರೆ ಬಹಳ ಇಳಿಯುತ್ತದೆ. ಆದರೆ ಮಿತಿ ಇಲ್ಲದಿದ್ದರೆ ಆ ಬಿಡುವೆಲ್ಲ ಮತ್ತೆ ಫ್ರೇಮ್‌ಗೇ ಹೋಗುತ್ತದೆ, ಬ್ಯಾಟರಿಗೆ ಬರುವುದಿಲ್ಲ.

ಹಾಗಾಗಿ ಮೊದಲ ಕೆಲಸ ಫ್ರೇಮ್ ಮಿತಿ. ಬಲಗಡೆಯ ಮೂರು ಚುಕ್ಕಿ ಬಟನ್ ಒತ್ತಿ, ಬ್ಯಾಟರಿ ಚಿತ್ರ ಇರುವ ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ‘ಪ್ರತಿ ಗೇಮಿಗೂ ಬೇರೆ ಪ್ರೊಫೈಲ್’ ಎಂಬುದನ್ನು ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಒಂದು ಗೇಮಿಗೆ ಹಾಕಿದ್ದು ಎಲ್ಲಕ್ಕೂ ತಗಲಿಕೊಳ್ಳುತ್ತದೆ. ಓವರ್‌ಲೇ ಮಟ್ಟವನ್ನೂ ಏರಿಸಿಕೊಳ್ಳಿ. ಬ್ಯಾಟರಿಯಿಂದ ಈ ಕ್ಷಣ ಎಷ್ಟು ವ್ಯಾಟ್ ಹೋಗುತ್ತಿದೆ ಎಂದು ಸ್ಕ್ರೀನಿನ ಮೇಲೇ ತೋರಿಸುತ್ತದೆ. ಇದನ್ನು ನೋಡದೆ ಸೆಟ್ಟಿಂಗ್ ಬದಲಿಸುವುದು ಕತ್ತಲಲ್ಲಿ ಕೈಯಾಡಿಸಿದ ಹಾಗೆ. ಒಂದು ಬದಲಾವಣೆ ಮಾಡಿ, ಅರ್ಧ ನಿಮಿಷ ಅದೇ ಜಾಗದಲ್ಲಿ ನಿಂತು ಸಂಖ್ಯೆ ನೋಡಿ, ಆಮೇಲೆ ಮುಂದಿನದು.

ಮಿತಿ ಎಷ್ಟು? ನನ್ನ ಆಯ್ಕೆ 40. ಬಹಳ ಮಂದಿ 60 ಇಲ್ಲವೇ 30 ಅನ್ನುತ್ತಾರೆ. ಆದರೆ ಕಣ್ಣಿಗೆ, ಕೈಗೆ ಮುಖ್ಯವಾಗುವುದು ಸೆಕೆಂಡಿಗೆ ಎಷ್ಟು ಫ್ರೇಮ್ ಎನ್ನುವುದಕ್ಕಿಂತ ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಎನ್ನುವುದು. 30ರಲ್ಲಿ ಆ ಹೊತ್ತು 33.3 ಮಿಲಿಸೆಕೆಂಡ್, 60ರಲ್ಲಿ 16.7. ಎರಡರ ಸರಿಯಾದ ನಡು 25 ಮಿಲಿಸೆಕೆಂಡ್, ಅದು 45 ಫ್ರೇಮ್ ಅಲ್ಲ, 40. ಅಂದರೆ 30ರಿಂದ ಹತ್ತೇ ಫ್ರೇಮ್ ಮೇಲೆ ಹೋದರೆ 60ರ ನುಣುಪಿನ ಅರ್ಧ ದಾರಿ ಸಾಗಿದಂತೆ. ಚಿಪ್‌ಗೆ ಮಾತ್ರ 60ಕ್ಕೆ ಹೋಲಿಸಿದರೆ ಮೂರನೇ ಒಂದು ಭಾಗ ಕೆಲಸ ಕಡಿಮೆ. ಇಷ್ಟು ಒಳ್ಳೆಯ ವ್ಯಾಪಾರ ಹ್ಯಾಂಡ್‌ಹೆಲ್ಡ್‌ನಲ್ಲಿ ಇನ್ನೊಂದಿಲ್ಲ.

ಆದರೆ ಸ್ಕ್ರೀನ್ ಅದಕ್ಕೆ ಹೊಂದಬೇಕು. 60 ಹರ್ಟ್ಸ್ ಸ್ಕ್ರೀನಿಗೆ, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಸ್ಕ್ರೀನಿಗೆ, 40 ಫ್ರೇಮ್ ಕೊಟ್ಟರೆ ಒಂದು ಫ್ರೇಮ್ ಒಂದು ಸಲ, ಮುಂದಿನದು ಎರಡು ಸಲ ಕಾಣಿಸಿಕೊಳ್ಳುತ್ತದೆ. ಆಟ ಮುಗ್ಗರಿಸಿದಂತೆ ಅನ್ನಿಸುತ್ತದೆ. ಎಲ್‌ಸಿಡಿ ಡೆಕ್‌ನ ಸ್ಕ್ರೀನನ್ನು 40 ಹರ್ಟ್ಸ್‌ಗೇ ಇಳಿಸಬಹುದು, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಓಎಲ್‌ಇಡಿ ಡೆಕ್ 90 ಹರ್ಟ್ಸ್‌ನದು, ಅಲ್ಲಿ 80ಕ್ಕೆ ಇಳಿಸಿ ಪ್ರತಿ ಫ್ರೇಮನ್ನು ಎರಡು ಸಲ ತೋರಿಸುತ್ತಾರೆ. ಸ್ವಿಚ್ 2ರ 120 ಹರ್ಟ್ಸ್ ಸ್ಕ್ರೀನಿನಲ್ಲಿ ಮೂರು ಸಲ. ಹಳೆಯ ಸ್ವಿಚ್‌ನ ಸ್ಕ್ರೀನ್ 60ರದ್ದು, ಅದರಲ್ಲಿ ಈ ಸೌಕರ್ಯ ಇಲ್ಲ.

40 ಎಲ್ಲದಕ್ಕೂ ಸರಿ ಅಂತಲ್ಲ. ಫೈಟಿಂಗ್ ಗೇಮ್, ಬೇರೆಯವರ ಜೊತೆ ಪೈಪೋಟಿಯ ಶೂಟಿಂಗ್ ಗೇಮ್ ಆಡುವವರು 60 ಬಿಡಬೇಡಿ. ಅಲ್ಲಿ ಗ್ರಾಫಿಕ್ಸ್ ಇಳಿಸಿ, 60ಕ್ಕೆ ಮಿತಿ ಹಾಕಿ. ಸರದಿಯ ಮೇಲೆ ಆಡುವ ತಂತ್ರದ ಗೇಮ್, ಇಸ್ಪೀಟಿನ ಗೇಮ್, ಓದುವುದೇ ಜಾಸ್ತಿ ಇರುವ ಗೇಮ್‌ಗೆ 30 ಧಾರಾಳ ಸಾಕು. ಹಳೆಯ ಕನ್ಸೋಲ್‌ಗಳ ಗೇಮ್ ಓಡಿಸುವ ಎಮ್ಯುಲೇಟರ್‌ಗೆ ಮಿತಿ ಹಾಕಲು ಹೋಗಬೇಡಿ, ಆಟವೇ ನಿಧಾನವಾಗುತ್ತದೆ, ಧ್ವನಿ ಕೆಡುತ್ತದೆ. ಇನ್ನೊಂದು ವಿಷಯ: ಡೆಕ್‌ನ ಮಿತಿ ಹಾಕಿದಾಗ ಬಟನ್ ಒತ್ತಿದ್ದಕ್ಕೂ ಆಟ ಸ್ಪಂದಿಸುವುದಕ್ಕೂ ನಡುವೆ ಸ್ವಲ್ಪ ತಡ ಅನ್ನಿಸಬಹುದು. ಗೇಮಿನೊಳಗೇ ಫ್ರೇಮ್ ಮಿತಿ ಇದ್ದರೆ ಅದನ್ನು ಬಳಸಿ, ಸ್ಕ್ರೀನನ್ನು ಮಾತ್ರ 40 ಹರ್ಟ್ಸ್‌ಗೆ ಇಡಿ.

ಮಿತಿ ಹಾಕಿ 40 ಫ್ರೇಮ್ ಅಲುಗಾಡದೆ ಬರುವಂತೆ ಗ್ರಾಫಿಕ್ಸ್ ಹೊಂದಿಸಿಕೊಂಡಿರಿ. ಈಗ ಎರಡನೇ ಹೆಜ್ಜೆ, ಟಿಡಿಪಿ ಮಿತಿ. ಚಿಪ್‌ಗೆ ಎಷ್ಟು ವ್ಯಾಟ್‌ವರೆಗೆ ಎಳೆಯಲು ಬಿಡಬೇಕು ಎಂಬ ಕಡಿವಾಣ ಅದು. ಡೆಕ್‌ನಲ್ಲಿ 3ರಿಂದ 15ರವರೆಗೆ ಸರಿಸಬಹುದು. 15ರಿಂದ ಒಂದೊಂದೇ ಇಳಿಸುತ್ತಾ ಬನ್ನಿ. ಗೇಮಿನಲ್ಲಿ ಗದ್ದಲ ಜಾಸ್ತಿ ಇರುವ ಜಾಗದಲ್ಲಿ, ಅಂದರೆ ಊರೊಳಗೆ ಅಥವಾ ಹೊಡೆದಾಟದ ನಡುವೆ, ಹೀಗೆ ಮಾಡಿ. ಖಾಲಿ ಮೈದಾನದಲ್ಲಿ ನಿಂತು ಹೊಂದಿಸಿದರೆ ಆಮೇಲೆ ತೊದಲುತ್ತದೆ. ಫ್ರೇಮ್ 40ರಿಂದ ಕೆಳಗೆ ಜಾರಲು ಶುರುವಾದ ಕಡೆ ನಿಲ್ಲಿಸಿ, ಒಂದು ವ್ಯಾಟ್ ವಾಪಸ್ ಕೊಡಿ. ಮುಗಿಯಿತು.

ಇದು ಯಾಕೆ ಅಷ್ಟು ಕೆಲಸ ಮಾಡುತ್ತದೆ ಅಂದರೆ, ಚಿಪ್‌ನ ವೇಗ ಮತ್ತು ಅದು ತಿನ್ನುವ ವಿದ್ಯುತ್ತು ಒಂದೇ ಅಳತೆಯಲ್ಲಿ ಏರುವುದಿಲ್ಲ. ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ವಿದ್ಯುತ್ತಿನ ಖರ್ಚು ವೇಗದ ಜೊತೆಗೂ ಏರುತ್ತದೆ, ವೋಲ್ಟೇಜಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ್ದರ) ಜೊತೆಗೂ ಏರುತ್ತದೆ. ವೇಗ, ವೋಲ್ಟೇಜ್ ಎರಡನ್ನೂ ನೂರಕ್ಕೆ ಇಪ್ಪತ್ತು ಇಳಿಸಿ ನೋಡಿ. 0.8ನ್ನು ಮೂರು ಸಲ ಗುಣಿಸಿದರೆ 0.51. ಐದನೇ ಒಂದು ಭಾಗ ವೇಗ ಬಿಟ್ಟುಕೊಟ್ಟಿದ್ದಕ್ಕೆ ಖರ್ಚು ಅರ್ಧಕ್ಕೆ ಬಂತು. ಚಿಪ್ ಏದುಸಿರು ಬಿಡುತ್ತಾ ಗಳಿಸುವ ಕೊನೆಯ ಐದಾರು ಫ್ರೇಮ್‌ಗಳೇ ಎಲ್ಲಕ್ಕಿಂತ ದುಬಾರಿ. ಹಾಗಂತ ತಳದವರೆಗೂ ಇದೇ ಲಾಭ ಸಿಗುವುದಿಲ್ಲ. ಒಂದು ಹಂತದ ಕೆಳಗೆ ವೋಲ್ಟೇಜ್ ಇಳಿಯುವುದಿಲ್ಲ. ಅಲ್ಲಿಂದ ಮುಂದೆ ಸುಮ್ನೆ ನಿಧಾನವಾಗುತ್ತದೆ ಅಷ್ಟೇ, ಹೇಳಿಕೊಳ್ಳುವಂಥ ಉಳಿತಾಯ ಇರುವುದಿಲ್ಲ. ಗೇಮ್ ಪರದಾಡುವಷ್ಟು ಟಿಡಿಪಿ ಇಳಿಸಿ ಹೆಮ್ಮೆ ಪಡುವವರಿದ್ದಾರೆ. ಅದು ಉಳಿತಾಯವಲ್ಲ, ಶಿಕ್ಷೆ.

ಕನ್ಸೋಲ್ ಮಾಡುವವರು ಈ ಲೆಕ್ಕವನ್ನು ಯಾವತ್ತೂ ಹಾಕುತ್ತಲೇ ಬಂದಿದ್ದಾರೆ, ನಮಗೆ ತೋರಿಸುವುದಿಲ್ಲ ಅಷ್ಟೇ. 2004ರಲ್ಲಿ ಬಂದ ಸೋನಿಯ ಪಿಎಸ್‌ಪಿಯ ಪ್ರೊಸೆಸರ್ 333 ಮೆಗಾಹರ್ಟ್ಸ್‌ನಲ್ಲಿ ಓಡಬಲ್ಲದಾಗಿತ್ತು. ಗೇಮ್‌ಗಳಿಗೆ ಬಿಟ್ಟಿದ್ದು 222 ಮಾತ್ರ. ಆ ಬೀಗ ತೆಗೆದದ್ದು 2007ರಲ್ಲಿ. ಮೊದಲ ಸ್ವಿಚ್‌ನ ಗ್ರಾಫಿಕ್ಸ್ ಡಾಕ್‌ನಲ್ಲಿ, ಅಂದರೆ ಟಿವಿಗೆ ಜೋಡಿಸುವ ಪೀಠದಲ್ಲಿ ಇಟ್ಟಾಗ, 768 ಮೆಗಾಹರ್ಟ್ಸ್ ಓಡುತ್ತದೆ, ಕೈಯಲ್ಲಿ ಹಿಡಿದಾಗ ಸಾಮಾನ್ಯವಾಗಿ ಅದರ ಅರ್ಧ ಅಥವಾ ಅದಕ್ಕೂ ಕಡಿಮೆ. 2019ರಲ್ಲಿ ನಿಂಟೆಂಡೊ ಅದೇ ಸ್ವಿಚ್‌ಗೆ ಅದೇ 4310 ಮಿಲಿಆಂಪ್-ಅವರ್ ಬ್ಯಾಟರಿ ಇಟ್ಟು, ಚಿಪ್ ಮಾತ್ರ ಹೊಸ ತಯಾರಿಕೆಯದ್ದು ಹಾಕಿತು. ಎರಡೂವರೆಯಿಂದ ಆರೂವರೆ ಗಂಟೆ ಇದ್ದದ್ದು ನಾಲ್ಕೂವರೆಯಿಂದ ಒಂಬತ್ತು ಗಂಟೆ ಆಯಿತು. 2025ರ ಸ್ವಿಚ್ 2ರಲ್ಲಿ ಬ್ಯಾಟರಿ ದೊಡ್ಡದು, ಚಿಪ್ ಇನ್ನೂ ಹಸಿದದ್ದು. ಎರಡರಿಂದ ಆರೂವರೆ ಗಂಟೆಗೆ ವಾಪಸ್ ಬಂತು.

ನಿಮ್ಮ ಲೆಕ್ಕಕ್ಕೆ ಬರೋಣ. ಫ್ರೇಮ್ ಮಿತಿ ಮತ್ತು ಟಿಡಿಪಿ ಮಿತಿಯಿಂದ 23 ವ್ಯಾಟ್ 15ಕ್ಕೆ ಬಂದರೆ ಎರಡು ಗಂಟೆ ನಲವತ್ತು ನಿಮಿಷ. 12ಕ್ಕೆ ಬಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಎಲ್ಲ ಗೇಮೂ 12ಕ್ಕೆ ಬರುವುದಿಲ್ಲ. ಹೊಸ ಭಾರಿ ಗೇಮ್‌ಗಳು 30 ಫ್ರೇಮ್‌ಗೇ ಚಿಪ್‌ನ ಪೂರ್ತಿ 15 ವ್ಯಾಟ್ ಕೇಳುತ್ತವೆ. ಅಂಥವನ್ನು ಚಾರ್ಜರ್ ಹತ್ತಿರ ಇರುವಾಗ ಆಡಿ, ಪ್ರಯಾಣಕ್ಕೆ ಐದಾರು ವರ್ಷ ಹಳೆಯವನ್ನು ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ.

ಈಗ ಚಿಕ್ಕ ಖರ್ಚುಗಳು. ಬ್ರೈಟ್‌ನೆಸ್ ಇವುಗಳಲ್ಲಿ ಹಿರಿಯಣ್ಣ. ನಿಮ್ಮ ಎಲ್‌ಸಿಡಿಯಲ್ಲಿ ಚಿತ್ರ ಕಪ್ಪಿರಲಿ ಬಿಳಿಯಿರಲಿ, ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಅದನ್ನು ಇಳಿಸಿದಷ್ಟೇ ಲಾಭ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಗೂ ಅದರದೇ ಬೆಳಕು, ಕಪ್ಪು ಚುಕ್ಕಿ ಆಫ್ ಆಗಿರುತ್ತದೆ. ಗುಹೆಯೊಳಗಿನ ಗೇಮ್ ಕಡಿಮೆ ತಿನ್ನುತ್ತದೆ, ಹಿಮದ ಮೇಲಿನದು ಜಾಸ್ತಿ. ಓಎಲ್‌ಇಡಿ ಡೆಕ್ ಹೆಚ್ಚು ಹೊತ್ತು ಬರಲು ಇದು ಒಂದು ಕಾರಣ. ಜೊತೆಗೆ ಅದರ ಬ್ಯಾಟರಿ 50 ವ್ಯಾಟ್-ಅವರ್, ಚಿಪ್ ಕೂಡ 7ರಿಂದ 6 ನ್ಯಾನೋಮೀಟರ್‌ನ, ಅಂದರೆ ಕಡಿಮೆ ವಿದ್ಯುತ್ತು ತಿನ್ನುವ, ತಯಾರಿಕೆಗೆ ಬದಲಾಗಿದೆ. ಹಿಂದಿನ ದೀಪ ಎಷ್ಟು ದುಬಾರಿ ಎಂಬುದಕ್ಕೆ ಹಳೆಯ ಉದಾಹರಣೆ ಇದೆ. 1989ರ ಗೇಮ್ ಬಾಯ್‌ನ ಸ್ಕ್ರೀನಿಗೆ ದೀಪವೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ನಾಲ್ಕು ಪೆನ್ಸಿಲ್ ಸೆಲ್‌ನಲ್ಲಿ ಹದಿನೈದು ಗಂಟೆಯಾದರೂ ಓಡುತ್ತಿತ್ತು. ಮುಂದಿನ ವರ್ಷ ಬಂದ ಸೆಗಾ ಗೇಮ್ ಗಿಯರ್‌ಗೆ ಬಣ್ಣದ ಸ್ಕ್ರೀನ್, ಅದರ ಹಿಂದೆ ಪುಟ್ಟ ಟ್ಯೂಬ್‌ಲೈಟ್. ಆರು ಸೆಲ್ ಹಾಕಿದರೂ ಮೂರರಿಂದ ಐದು ಗಂಟೆ. ಮಾರುಕಟ್ಟೆಯಲ್ಲಿ ಗೆದ್ದದ್ದು ಯಾವುದು ಎಂದು ಹೇಳಬೇಕಾಗಿಲ್ಲ.

ವೈಫೈ ಸುಮ್ಮನೆ ಆನ್ ಇದ್ದರೆ ತಿನ್ನುವುದು ಬಹಳ ಕಡಿಮೆ. ಹಿಂದೆ ಡೌನ್‌ಲೋಡ್ ನಡೆಯುತ್ತಿದ್ದರೆ ಮಾತು ಬೇರೆ. ಆಗ ರೇಡಿಯೋ ಒಂದೇ ಅಲ್ಲ, ಫೈಲ್ ಬಿಚ್ಚುವ ಪ್ರೊಸೆಸರ್, ಬರೆಯುವ ಎಸ್‌ಎಸ್‌ಡಿ ಎಲ್ಲ ಎದ್ದು ಕೂತಿರುತ್ತವೆ. ಆದ್ದರಿಂದ ಅಪ್‌ಡೇಟ್‌ಗಳನ್ನು ಚಾರ್ಜರ್ ಹಾಕಿದಾಗ ಮುಗಿಸಿಕೊಳ್ಳಿ. ತಮಾಷೆ ಏನು ಗೊತ್ತಾ? ಮನೆಯಲ್ಲಿ ಒಳ್ಳೆಯ ಗೇಮಿಂಗ್ ಪಿಸಿ ಇದ್ದರೆ ನೀವು ಆಫ್ ಮಾಡಿದ ಆ ವೈಫೈಯೇ ಎಲ್ಲಕ್ಕಿಂತ ದೊಡ್ಡ ಉಳಿತಾಯದ ದಾರಿ. ಗೇಮ್ ಪಿಸಿಯಲ್ಲಿ ಓಡುತ್ತದೆ, ಡೆಕ್ ಅದರ ವೀಡಿಯೊ ತೋರಿಸುತ್ತದೆ ಅಷ್ಟೇ. ಅತಿ ಭಾರದ ಗೇಮ್ ಆಡುವಾಗಲೂ ವೀಡಿಯೊ ನೋಡುವಷ್ಟೇ ಖರ್ಚು.

ವೈಬ್ರೇಷನ್ ಆಫ್ ಮಾಡುವುದು, ಸ್ಪೀಕರ್ ಬದಲು ಇಯರ್‌ಫೋನ್ ಹಾಕುವುದು, ಇವೆಲ್ಲ ಕೊನೆಯ ಚೂರುಪಾರು. ಫ್ಯಾನ್ ನಿಧಾನ ಮಾಡಿ ವಿದ್ಯುತ್ತು ಉಳಿಸಲು ಮಾತ್ರ ಹೋಗಬೇಡಿ. ಚಿಪ್ ಬಿಸಿಯಾದಷ್ಟೂ ಅದರೊಳಗೆ ಸುಮ್ಮನೆ ಸೋರಿಹೋಗುವ ಕರೆಂಟು ಜಾಸ್ತಿ. ಹಿಂದಿನ ಗಾಳಿಕಿಂಡಿಯನ್ನು ದಿಂಬು, ಹೊದಿಕೆಯಿಂದ ಮುಚ್ಚಬೇಡಿ.

ಸ್ಲೀಪ್ ಬಗ್ಗೆ ಎರಡು ಸಾಲು. ಸ್ಲೀಪ್‌ನಲ್ಲಿ ಗೇಮ್ ಮೆಮೊರಿಯಲ್ಲಿ ಹಾಗೇ ಉಳಿದಿರುತ್ತದೆ, ಆ ಮೆಮೊರಿಗೆ ಕರೆಂಟು ಬೇಕು. ರಾತ್ರಿಯಿಂದ ಬೆಳಗಿನವರೆಗೆ ಪರವಾಗಿಲ್ಲ, ನಾಲ್ಕೈದು ದಿನ ಮುಟ್ಟುವುದಿಲ್ಲ ಎಂದಾದರೆ ಪೂರ್ತಿ ಶಟ್‌ಡೌನ್ ಮಾಡಿ. ವಿಂಡೋಸ್ ಯಂತ್ರಗಳಲ್ಲಿ ಸ್ಲೀಪ್ ಅಷ್ಟು ನೆಚ್ಚುವಂಥದ್ದಲ್ಲ. ಬ್ಯಾಗಿನೊಳಗೇ ಎಚ್ಚರಗೊಂಡು ಬಿಸಿಯಾಗುವುದುಂಟು. ಅಲ್ಲಿ ಗೇಮನ್ನು ಎಸ್‌ಎಸ್‌ಡಿಗೆ ಬರೆದಿಟ್ಟು ಪೂರ್ತಿ ಆಫ್ ಆಗುವ ಹೈಬರ್ನೇಟ್ ವಾಸಿ.

ಇನ್ನು ಚಾರ್ಜರ್ ಹಾಕಿಕೊಂಡು ಆಡುವ ಪ್ರಶ್ನೆ. ಬ್ಯಾಟರಿ ತುಂಬಿದ ಮೇಲೆ ಯಂತ್ರ ಚಾರ್ಜರಿನಿಂದಲೇ ನೇರ ಓಡುತ್ತದೆ. ‘ತುಂಬಿದ ಮೇಲೂ ತುಂಬುತ್ತಲೇ ಇರುತ್ತದೆ’ ಎನ್ನುವ ಹೆದರಿಕೆಗೆ ಈಗಿನ ಯಂತ್ರಗಳಲ್ಲಿ ಆಧಾರವಿಲ್ಲ. ಆದರೆ ಲಿಥಿಯಂ ಬ್ಯಾಟರಿಗೆ ವಯಸ್ಸಾಗಿಸುವುದು ಎರಡು: ಬಿಸಿ, ಮತ್ತು ತುಂಬಿದ ಸ್ಥಿತಿಯಲ್ಲೇ ದಿನಗಟ್ಟಲೆ ಕೂರುವುದು. ಎರಡೂ ಒಟ್ಟಿಗೆ ಬಂದರೆ ಇನ್ನೂ ಬೇಗ. ಚಾರ್ಜರ್ ಹಾಕಿ ಭಾರಿ ಗೇಮ್ ಆಡಿದರೆ ಎರಡೂ ಒಟ್ಟಿಗೆ ಬರುತ್ತವೆ. ಹಾಗಾಗಿ ಅಪರೂಪಕ್ಕೆ ಆದರೆ ಚಿಂತೆ ಬೇಡ, ನಿತ್ಯ ಹಾಗೇ ಆಡುವವರು ಚಾರ್ಜ್ ಮಿತಿ ಹಾಕಿಕೊಳ್ಳಬೇಕು. ಡೆಕ್ ಅನ್ನು ನಡೆಸುವ ಸಾಫ್ಟ್‌ವೇರ್ ಆದ ಸ್ಟೀಮ್‌ಓಎಸ್‌ಗೆ 2025ರ 3.7 ಆವೃತ್ತಿಯಲ್ಲಿ ಈ ಸೌಲಭ್ಯ ಬಂತು. ಪವರ್ ಸೆಟ್ಟಿಂಗ್ಸ್‌ನಲ್ಲಿ 80ಕ್ಕೆ ನಿಲ್ಲಿಸಬಹುದು. ಸ್ವಿಚ್ 2ರಲ್ಲೂ ಸುಮಾರು 90ಕ್ಕೆ ನಿಲ್ಲಿಸುವ ಆಯ್ಕೆ ಇದೆ. ಪ್ರಯಾಣದ ಹಿಂದಿನ ರಾತ್ರಿ ಮಾತ್ರ ಮಿತಿ ತೆಗೆದು 100 ಮಾಡಿಕೊಳ್ಳಿ.

ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ ಇಡಿ. ಪೂರ್ತಿ ಖಾಲಿ ಮಾಡಿ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಸ್ವಿಚ್ ಅನ್ನು ಬಳಸದಿದ್ದರೂ ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ ಎಂದು ನಿಂಟೆಂಡೊ ಹೇಳುತ್ತದೆ, ಡೆಕ್‌ಗೂ ಅದನ್ನೇ ಪಾಲಿಸಿ. ಎತ್ತಿಟ್ಟ ಯಂತ್ರವನ್ನು ತೆಗೆದಾಗ ಹಿಂಬದಿ ಉಬ್ಬಿದ್ದರೆ, ಸ್ಕ್ರೀನ್ ಅಂಚಿನಲ್ಲಿ ಎದ್ದಿದ್ದರೆ ಆನ್ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ, ಒತ್ತಿ ಕೂರಿಸಲು ಹೋಗಲೇಬೇಡಿ. ಅದು ಉಬ್ಬಿದ ಬ್ಯಾಟರಿ, ಬೆಂಕಿ ಹೊತ್ತಿಕೊಳ್ಳಬಹುದು. ನೇರ ಸರ್ವಿಸ್ ಸೆಂಟರಿಗೆ.

15 ಪರ್ಸೆಂಟ್ 4ಕ್ಕೆ ಬೀಳುವುದು ಬಹುತೇಕ ಅಳತೆಯ ತಪ್ಪು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ನೇರ ಅಳೆಯಲು ಆಗುವುದಿಲ್ಲ. ಒಳಗೆ ಹೋದ, ಹೊರಗೆ ಬಂದ ಕರೆಂಟಿನ ಲೆಕ್ಕ ಮತ್ತು ವೋಲ್ಟೇಜ್ ನೋಡಿ ಅಂದಾಜು ಮಾಡುತ್ತಾರೆ. ಯಾವಾಗಲೂ 40ರಿಂದ 80ರ ನಡುವೆಯೇ ಬಳಸುತ್ತಿದ್ದರೆ ಈ ಅಂದಾಜು ನಿಧಾನವಾಗಿ ದಾರಿ ತಪ್ಪುತ್ತದೆ. ಜೊತೆಗೆ ಭಾರಿ ಗೇಮ್ ಒಮ್ಮೆಲೇ ಜಾಸ್ತಿ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಕೊನೆಯ ಹಂತದಲ್ಲಿ ಅದು ಇನ್ನೂ ಎದ್ದು ಕಾಣುತ್ತದೆ. ಒಂದು ಸಲ 100ರವರೆಗೆ ತುಂಬಿಸಿ, ಹಗುರವಾದ ಗೇಮ್ ಆಡುತ್ತಾ ತಾನಾಗಿಯೇ ಆಫ್ ಆಗುವವರೆಗೆ ಬಿಡಿ, ಆಮೇಲೆ ತಡಮಾಡದೆ ಮತ್ತೆ ಪೂರ್ತಿ ತುಂಬಿಸಿ. ಅಂದಾಜು ಸರಿಹೋಗುತ್ತದೆ. ಇದನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಎರಡು ಮೂರು ತಿಂಗಳಿಗೊಮ್ಮೆ ಸಾಕು. ಹೀಗೆ ಮಾಡಿದ ಮೇಲೂ 20, 25ರಿಂದಲೇ ಜಾರಿ ಬಿದ್ದರೆ ಸೆಲ್ ಸೋತಿದೆ ಎಂದರ್ಥ. ಮೇಲೆ ಹೇಳಿದ ಇನ್ಫೋ ಸೆಂಟರ್ ಸಂಖ್ಯೆಯೂ ಅದನ್ನೇ ಹೇಳುತ್ತಿರುತ್ತದೆ.

ಕೊನೆಗೆ ಪವರ್ ಬ್ಯಾಂಕ್. ಡಬ್ಬದ ಮೇಲೆ ಬರೆದ 10,000 ಮಿಲಿಆಂಪ್-ಅವರ್ ಲೆಕ್ಕ ಹಾಕಿರುವುದು ಒಳಗಿನ ಸೆಲ್‌ನ 3.7 ವೋಲ್ಟ್‌ನಲ್ಲಿ. ಗುಣಿಸಿದರೆ 37 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗ, ಕೇಬಲ್‌ನಲ್ಲಿ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ನಿಮ್ಮ 40 ವ್ಯಾಟ್-ಅವರ್ ಬ್ಯಾಟರಿ ಒಂದು ಸಲವೂ ಪೂರ್ತಿ ತುಂಬುವುದಿಲ್ಲ. 20,000ದ್ದು 74 ವ್ಯಾಟ್-ಅವರ್, ಅದು ಸರಿಯಾದ ಗಾತ್ರ. ವಿಮಾನದಲ್ಲಿ ಕೈಚೀಲದೊಳಗೆ ಒಯ್ಯಲು ಸಾಮಾನ್ಯವಾಗಿ ಇರುವ ಮಿತಿ 100 ವ್ಯಾಟ್-ಅವರ್, ಅದರೊಳಗೂ ಬರುತ್ತದೆ. ಗಾತ್ರದಷ್ಟೇ ಮುಖ್ಯ ಅದು ಎಷ್ಟು ವ್ಯಾಟ್ ಕೊಡಬಲ್ಲದು ಎನ್ನುವುದು. ಡೆಕ್‌ನ ಜೊತೆ ಬಂದ ಚಾರ್ಜರ್ 45 ವ್ಯಾಟ್‌ನದು, 15 ವೋಲ್ಟ್, 3 ಆಂಪ್. ಪವರ್ ಬ್ಯಾಂಕಿನ ಯುಎಸ್‌ಬಿ-ಸಿ ಕಿಂಡಿಯ ಪಕ್ಕದಲ್ಲಿ ಪವರ್ ಡೆಲಿವರಿ ಎಂದೂ ಈ 15 ವೋಲ್ಟ್, 3 ಆಂಪ್ ಎಂದೂ ಇದೆಯಾ ನೋಡಿ ತಗೊಳ್ಳಿ. 18 ವ್ಯಾಟ್ ಕೊಡುವ ಫೋನಿನ ಪವರ್ ಬ್ಯಾಂಕ್ ಚುಚ್ಚಿ 23 ವ್ಯಾಟ್ ಎಳೆಯುವ ಗೇಮ್ ಆಡಿದರೆ ಚಾರ್ಜ್ ಆಗುತ್ತಿದೆ ಎಂಬ ಗುರುತು ಕಾಣುತ್ತಿದ್ದರೂ ಬ್ಯಾಟರಿ ಇಳಿಯುತ್ತಲೇ ಹೋಗುತ್ತದೆ. ಅದೇ ಗೇಮನ್ನು 40 ಫ್ರೇಮ್‌ಗೆ ಕಟ್ಟಿ 13, 14 ವ್ಯಾಟ್‌ಗೆ ತಂದಿದ್ದರೆ, ಆ 18 ವ್ಯಾಟ್‌ನದೂ ಸಾಕಾಗುತ್ತದೆ.